ತಲೆ ಕೆಳಗಾದ ಕೀಲು

ರಿಪೇರಿಯಲ್ಲಿ ಬಿಚ್ಚಿದ ಹಳೆಯ ಕಬ್ಬಿಣವನ್ನು ಚಿಂದಿಯಲ್ಲಿ ಕಟ್ಟಿ ಗಾಡಿಯ ಧಣಿಗೆ ಒಪ್ಪಿಸಬೇಕು. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ. ವಿಜಾಪುರದ ಮಿಸ್ತ್ರಿ ಲಾಡಲೇಸಾಬನಿಗೆ ಅಪ್ಪ ಕಲಿಸಿಹೋದ ಪದ್ಧತಿ ಇದು. ಇಪ್ಪತ್ತು ವರ್ಷ ತಪ್ಪಿರಲಿಲ್ಲ. ಅರವತ್ತಮೂರನೇ ಇಸವಿಯ ಆ ಸೋಮವಾರವೂ ಚಿಂದಿಗಂಟು ಕೊಟ್ಟಿದ್ದ. ಒಳಗಿದ್ದದ್ದು ಮಾತ್ರ ಯಾವುದೋ ಬೇರೆ ಗಾಡಿಯ ಕೀಲು.

ಅಂದು ತಿಕೋಟಾದ ಬಸಗೊಂಡಪ್ಪನ ಪಿಕಪ್ ಗಾಡಿಯನ್ನು ಡ್ರೈವರ್ ಅಮೋಘಿ ತಂದು ನಿಲ್ಲಿಸಿದ್ದ. ಎಡಬಾಗಿಲು ತಿರುಗುವ ಮೇಲಿನ ಬಿಜಾಗರಿಯ ಕೀಲು ಸವೆದು ಬಾಗಿಲು ಜೋತುಬಿದ್ದಿತ್ತು. ಹೊಸ ಕೀಲು ಕಡೆಸೋಣವೆಂದರೆ ಲೇತಿನ ಅಂಗಡಿ ಮುಚ್ಚಿತ್ತು. ನಾಳೆ ಬಾ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಲಾಡಲೇಸಾಬನ ಕೈಯಲ್ಲಿ ಆಗದ ಕೆಲಸವೆಂದು ಒಂದುಂಟೇ! ಜಂಬ ಬಿಡಲಿಲ್ಲ. ಅದೇ ಹಳೆಯ ಕೀಲನ್ನು ತಲೆಕೆಳಗು ಮಾಡಿ ಬಡಿದು ಕೂರಿಸಿದ. ಸವೆಯದ ತುದಿ ಬಿಗಿಯಾಗಿ ಹಿಡಿಯಿತು. ತಲೆ ಮೇಲಿದ್ದ ಕೀಲು ಜಾರಿ ಬೀಳುವುದಿಲ್ಲ, ತಲೆ ಕೆಳಗಾದರೆ ಬಿಗಿ ಇದ್ದಷ್ಟು ದಿನವಷ್ಟೇ ಭರವಸೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಾರ ತಡೆದೀತು, ಆಮೇಲೆ ಬದಲಿಸಿದರಾಯಿತು ಎಂದುಕೊಂಡು ಹೊಸದು ಹಾಕಿದ್ದೇನೆ ಎಂದುಬಿಟ್ಟ.

ನಾಲ್ಕನೆಯ ದಿನ ಬಬಲೇಶ್ವರದ ದಾರಿಯಲ್ಲಿ ಬಾಗಿಲು ಕಿತ್ತು ಬಿತ್ತು. ಅದಕ್ಕೆ ಒರಗಿ ಕೂತಿದ್ದ ಬಸಗೊಂಡಪ್ಪನ ತಾಯಿ ತಾಯವ್ವನೂ ಬಿದ್ದು ಸೊಂಟ ಮುರಿದುಕೊಂಡಳು. ಕೀಲು ಎಲ್ಲಿ ಉದುರಿತೋ ಯಾರೂ ಹುಡುಕಲಿಲ್ಲ. ಚಿಂದಿಗಂಟು ಬಸಗೊಂಡಪ್ಪನ ಮನೆಯ ಗೋಡೆಮಾಡದಲ್ಲೇ ಇತ್ತಲ್ಲ, ಕೀಲು ಹೊಸದೆಂದಾಯಿತು. ಹಾಗಾದರೆ ಅಮೋಘಿಯೇ ಬಾಗಿಲು ಸರಿಯಾಗಿ ಹಾಕಿರಲಿಲ್ಲ ಎಂದುಕೊಂಡರು. ಬಸಗೊಂಡಪ್ಪ ಅವನನ್ನು ಕೆಲಸದಿಂದ ಬಿಡಿಸಿದ.

ಸುದ್ದಿ ಕೇಳಿದ ದಿನದಿಂದ ಲಾಡಲೇಸಾಬನದು ಕುಂಬಳಕಾಯಿ ಕಳ್ಳನ ಬಾಳು. ಯಾರು ಗಾಡಿಯ ಬಾಗಿಲು ಬಡಿದರೂ ಬೆಚ್ಚುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ. ನಾಚಿಕೆಗಿಂತ ಹೆಸರಿನ ಆಸೆ ದೊಡ್ಡದಾಗಿತ್ತು.

ಎರಡು ತಿಂಗಳ ಮೇಲೆ ಅಮೋಘಿಯೇ ಅಂಗಡಿಗೆ ಬಂದ. ಕಳ್ಳಕವಟಗಿಯಲ್ಲಿ ಮಂದಿಯ ಕುರಿ ಕಾಯುತ್ತಿದ್ದನಂತೆ. ಕೂರಲಿಲ್ಲ, ಚಹಾ ಬೇಡವೆಂದ.

"ನೀವು ಹೊಸಾ ಕೀಲ ಹಾಕಿಕೊಟ್ರಿ. ನನ್ನ ಕೈಯಿಂದ ನಿಮ್ಮ ಕೆಲಸಕ್ಕ ಕೆಟ್ಟ ಹೆಸರ ಬಂತು. ತಪ್ಪಾತ್ರಿ" ಎಂದು ಕೈಮುಗಿದ.

ಆ ಮುಗಿದ ಕೈ ಲಾಡಲೇಸಾಬನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮರುದಿನ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ.

ಬಸಗೊಂಡಪ್ಪ ನಂಬಲಿಲ್ಲ. ಬಡ ಡ್ರೈವರ್ ಮೇಲಿನ ಕರುಣೆಯಿಂದ ಮಿಸ್ತ್ರಿ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾನೆಂದು ಮೆಚ್ಚಿಕೊಂಡ. ಮಾಡದಿಂದ ಗಂಟು ತಂದು ಎದುರಿಗಿಟ್ಟ.

"ಹಳೇ ಕೀಲ ಇಲ್ಲೇ ಐತಲ್ರಿ. ನಿಮ್ಮ ಅಪ್ಪನ ಕಾಲದಿಂದ ನೋಡೀನಿ, ನಿಮ್ಮ ಮನಿತನ ಸುಳ್ಳ ಹೇಳೂದಲ್ಲ."

ಕಿತ್ತ ಬಾಗಿಲು ಅಂಗಳದ ಗೋಡೆಗೆ ಒರಗಿತ್ತು. ಲಾಡಲೇಸಾಬ ಗಂಟು ಬಿಚ್ಚಿ ಕೀಲನ್ನು ಬಿಜಾಗರಿಯ ತೂತಿಗೆ ಹಚ್ಚಿದ. ತೂತಿಗಿಂತ ಕೀಲೇ ದಪ್ಪ. ಸುತ್ತಿಗೆಯಿಂದ ಬಡಿದರೂ ಹೊಗಲಿಲ್ಲ. ಅದು ಈ ಗಾಡಿಯ ಕೀಲೇ ಅಲ್ಲವೆಂದು ತನ್ನ ಸುಳ್ಳನ್ನು ತಾನೇ ಸಾಬೀತು ಮಾಡಿದ. ಹೊರಸಿನ ಮೇಲಿದ್ದ ತಾಯವ್ವ ನೋಡಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಸಗೊಂಡಪ್ಪ ಅಮೋಘಿಯನ್ನು ಕರೆತರಲು ಕಳ್ಳಕವಟಗಿಗೆ ಆಳು ಕಳಿಸಿದ.

ಸಂಜೆ ಅಮೋಘಿ ಕುರಿ ಕಾಯುವ ಕೋಲು ಹಿಡಿದೇ ಬಂದ. ಲಾಡಲೇಸಾಬ ಅವನೆದುರಿಗೆ ಎಲ್ಲವನ್ನೂ ಮತ್ತೆ ಹೇಳಿದ. ಅಮೋಘಿ ಸಿಟ್ಟಾಗಲಿಲ್ಲ. ಬಾಗಿಲು ಹಾಕುತ್ತಿದ್ದ ತನ್ನ ಬಲಗೈಯನ್ನು ನೋಡಿಕೊಂಡ.

"ಹಂಗಾರ ಅವತ್ತ ನಾ ಬಾಗಲಾ ಬರಾಬರ ಹಾಕಿದ್ನೇನ್ರಿ?"

ಹೌದು ಎಂದು ಹೇಳಿ ಲಾಡಲೇಸಾಬ ಈ ಸಲ ತಾನೇ ಕೈಮುಗಿದ.