ಕಂದು ಹಾಕಿದ ವರ್ಷ

ಚೆತುಯಿ ಹಸು ಏಳು ತಿಂಗಳಿಗೇ ಕಂದು ಹಾಕಿದ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಜೆಸಾಂಗ್ ಒಬ್ಬಳೇ ಇದ್ದಳು. ಗಂಡ ಕಿಮಾಯೊ ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ಡೈರಿಗೆ ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು. ಕರಿಯ ಹಸು ಮೂಲೆಗೆ ಸರಿದು ಬೆನ್ನು ಬಾಗಿಸಿ ನಿಂತಾಗಲೇ ಅವಳಿಗೆ ಗೊತ್ತಾಯಿತು. ಆ ವರ್ಷ ಹಾಗೆ ನಿಂತ ಮೂರನೆಯ ಹಸು ಅದು. ಓಡಿಹೋಗಿ ಬಾಲ ಎತ್ತಿ ನೋಡಿದರೆ ಎರಡು ಪುಟ್ಟ ಗೊರಸು ಹೊರಗೆ ಬಂದಿದ್ದವು, ಹಳದಿ ಬಣ್ಣಕ್ಕೆ, ಮೇಣದ ಹಾಗೆ ಮೆತ್ತಗೆ. ಬರಿಗೈಯಲ್ಲೇ ಹಿಡಿದು ಎಳೆದಳು. ಕರು ಸಲೀಸಾಗಿ ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿರಲಿಲ್ಲ. ಚೆತುಯಿ ತಿರುಗಿ ಅದನ್ನು ನೆಕ್ಕತೊಡಗಿತು, ನೆಕ್ಕಿ ನೆಕ್ಕಿ ಮೂತಿಯಿಂದ ತಿವಿದು ಏಳಿಸಲು ನೋಡಿತು.

ಜೆಸಾಂಗ್ ಗೋಡೆಗೊರಗಿ ನಿಂತಳು. ಅವಳಿಗೂ ಆಗ ನಾಲ್ಕು ತಿಂಗಳು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಕೂಡ. ಮದುವೆಯಾದ ನಾಲ್ಕು ವರ್ಷದಲ್ಲಿ ಎರಡು ಸಲ ಹೇಳಿದ್ದಳು, ಎರಡು ಸಲವೂ ಐದನೇ ತಿಂಗಳಿನಲ್ಲಿ ಕಳೆದುಕೊಂಡಿದ್ದಳು. ಬಾಯಿಬಿಟ್ಟು ಹೇಳಿದ್ದನ್ನು ಯಾವುದೋ ಕೇಳಿಸಿಕೊಂಡು ಬಂದು ಒಯ್ಯುತ್ತದೆ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಅತ್ತೆ ತಪ್ಸುಬೇ ಕೋಲೂರಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಎಪ್ಪತ್ತರ ಹತ್ತಿರದ ಹೆಂಗಸು, ಸೊಂಟ ಹಿಡಿದು ಎಷ್ಟೋ ವರ್ಷವಾಗಿ ನೆಟ್ಟಗೆ ನಿಲ್ಲುವುದೇ ಮರೆತಿತ್ತು. ಸತ್ತ ಕರುವನ್ನು ನೋಡಿದಳು, ಹಸುವನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು.

"ಈ ಮನೇಲಿ ಯಾರ ಹೊಟ್ಟೇನೂ ನಿಲ್ಲಲ್ಲ," ಎಂದಳು. "ಮನುಷ್ಯರದ್ದು ನೋಡಿ ದನಗಳೂ ಕಲಿತ್ವು."

ಅತ್ತೆಯ ಮಾತಿಗೆ ಎದುರು ಮಾತು ಅವರ ಕಡೆ ವಾಡಿಕೆಯಲ್ಲಿಲ್ಲ. ಜೆಸಾಂಗ್ ಕರುವನ್ನು ಗೋಣಿಯಲ್ಲಿ ಸುತ್ತಿ ನೇಪಿಯರ್ ಹುಲ್ಲಿನ ಸಾಲಿನಾಚೆ ಹೂಳಿ ಬಂದಳು. ಅಷ್ಟು ಹೊತ್ತಿಗೆ ಅತ್ತೆ ಸೋರೆಬುರುಡೆಯಿಂದ ಹುಳಿಹಾಲು ಬಗ್ಗಿಸಿ ಇಟ್ಟಿದ್ದಳು. ಇದ್ದಿಲು ಸವರಿದ ಬುರುಡೆಯಲ್ಲಿ ವಾರವಿಟ್ಟ ಹಸಿ ಹಾಲು, ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬಾಯಲ್ಲಿ ಏನೇ ಅಂದರೂ ಹೊಟ್ಟೆಗೆ ಹಾಕುವುದರಲ್ಲಿ ತಪ್ಸುಬೇ ಕೈ ಬಿಗಿ ಮಾಡಿದವಳಲ್ಲ. ಮೊದಲನೆಯದು ಹೋದಾಗ ಸೊಸೆಯನ್ನು ಇಪ್ಪತ್ತು ದಿನ ಹಾಸಿಗೆಯಿಂದ ಏಳಗೊಡದೆ, ಹಗಲಿಗೆ ಮೂರು ಸಲ ಬುರುಡೆ ತಂದು ತಾನೇ ಕುಡಿಸಿದ್ದಳು.

ಸಂಜೆಯಾಗುತ್ತಲೇ ಜೆಸಾಂಗಳಿಗೆ ಎಂದಿನ ಜ್ವರ ಬಂತು. ಬೆವರಿ ಬೆವರಿ ಬಟ್ಟೆ ಒದ್ದೆಯಾಗುತ್ತಿತ್ತು, ಕೀಲು ಕೀಲು ನೋಯುತ್ತಿತ್ತು, ಬೆಳಿಗ್ಗೆ ಏನೂ ಆಗಿಲ್ಲವೆನ್ನುವ ಹಾಗೆ ಇಳಿದುಹೋಗುತ್ತಿತ್ತು. ಊರಿನ ದವಾಖಾನೆಯವರು ಮಲೇರಿಯಾ ಎಂದು ಮೂರು ಸಲ ಮಾತ್ರೆ ಕೊಟ್ಟಿದ್ದರು. ಅವಳು ಅದನ್ನು ಲೆಕ್ಕಕ್ಕಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದಳು.

ಮಾರನೆಯ ದಿನವೂ ಚೆತುಯಿಯ ಕಸ, ಕರುವಿನ ಹಿಂದೆಯೇ ಬೀಳಬೇಕಾದ ಮಾಸು, ಬೀಳಲಿಲ್ಲ. ಬಾಲದ ಕೆಳಗೆ ಜೋತುಬಿದ್ದು ನಾರತೊಡಗಿದಾಗ ಕಿಮಾಯೊ ದನದ ಡಾಕ್ಟರು ಬಿರೆಚ್‌ನನ್ನು ಕರೆತಂದ. ತೆಳ್ಳಗಿನ, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗನಂತಿದ್ದವನು. ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಏರಿಸಿ ಕಸ ತೆಗೆದು, ಗುಂಡಿ ತೋಡಿಸಿ ಸುಣ್ಣ ಹಾಕಿ ಮುಚ್ಚಿಸಿದ. ಆಮೇಲೆ ಕರು ಎಳೆದದ್ದು ಯಾರು ಎಂದು ಕೇಳಿದ. ಜೆಸಾಂಗ್ ತಾನೇ ಎಂದಳು. ಬರಿಗೈಯಲ್ಲೇ ಎಂದು ಕೇಳಿದ್ದಕ್ಕೆ, ಇನ್ನು ಹೇಗೆ ಎಳೆಯುತ್ತಾರೆ ಎಂಬಂತೆ ಅವನ ಮುಖ ನೋಡಿದಳು. ಅವನು ಅವಳ ಕೈಗಳನ್ನು ನೋಡಿದ. ಹುಲ್ಲಿನ ಅಂಚು ತಾಗಿ ಗೆರೆ ಗೆರೆಯಾಗಿ ಕುಯ್ದಿತ್ತು.

ಹಾಲು ಕಾಸಿ ಕುಡಿಯುತ್ತೀರಾ ಎಂದು ಕೇಳಿದಾಗ ತಪ್ಸುಬೇ ನಕ್ಕಳು.

"ಹಾಲನ್ನ ಬೆಂಕಿಗಿಟ್ಟು ಸಾಯಿಸಿ ಕುಡಿಯೋಕೆ ನಾವೇನು ಪೇಟೆಯೋರಾ? ಡಬ್ಬಿ ಹಾಲು ಕುಡಿದು ಬೆಳೆದೋರಿಗೆ ಕಾಲಲ್ಲಿ ಜೀವ ಇರಲ್ಲಪ್ಪ. ನಿನ್ನ ನೋಡಿದ್ರೇ ಗೊತ್ತಾಗುತ್ತೆ."

ಬಿರೆಚ್ ತಾನೂ ನಕ್ಕ. ಆದರೆ ಐದೂ ಹಸುಗಳ ಹಾಲನ್ನು ಐದು ಗಾಜಿನ ಕೊಳವೆಗಳಲ್ಲಿ ಹಿಡಿದುಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲೆ ನಿಲ್ಲಿಸಿದ. ಒಂದೊಂದಕ್ಕೂ ನೇರಳೆ ಬಣ್ಣದ ಒಂದು ಹನಿ ಬಿಟ್ಟು ಅಲ್ಲಾಡಿಸಿದ. ಒಂದು ಗಂಟೆ ಕಾಯಬೇಕು, ಬಣ್ಣ ಹಾಲಿನಲ್ಲೆಲ್ಲ ಹಾಗೇ ಉಳಿದರೆ ಒಳ್ಳೆಯದು, ಮೇಲೆ ಕೆನೆಗೆ ಹೋಗಿ ಉಂಗುರ ಕಟ್ಟಿದರೆ ಕೆಟ್ಟದ್ದು ಎಂದ.

ಆ ಒಂದು ಗಂಟೆ ಯಾರೂ ಅಡುಗೆಮನೆ ಬಿಟ್ಟು ಹೋಗಲಿಲ್ಲ. ಒಲೆಯ ಮೇಲೆ ಜೋಳದ ಮುದ್ದೆ ತಳ ಹಿಡಿಯಿತು. ಕಿಮಾಯೊ ಮೇಜಿನ ಕಾಲಿಗೆ ಮೊಣಕಾಲು ತಾಗದಂತೆ ಕುರ್ಚಿ ದೂರ ಸರಿಸಿಕೊಂಡು ಕೂತಿದ್ದ, ತಾಗಿ ಅಲ್ಲಾಡಿದರೆ ತನ್ನಿಂದಲೇ ಕೆಟ್ಟೀತು ಎಂಬಂತೆ. ಮೊದಲು ಚೆತುಯಿಯ ಹಾಲಿನ ಮೇಲೆ ಉಂಗುರ ಕಾಣಿಸಿತು. ಆಮೇಲೆ ಇನ್ನೊಂದು, ಮತ್ತೊಂದು. ಗಂಟೆ ಮುಗಿಯುವಾಗ ನಾಲ್ಕು ಕೊಳವೆಗಳಲ್ಲಿ ಉಂಗುರವಿತ್ತು. ಬಿಳಿಯ ಹಸು ಚೆಲೆಲ್‌ನ ಹಾಲು ಮಾತ್ರ ತಿಳಿ ನೇರಳೆಯಾಗಿ ಹಾಗೇ ಉಳಿದಿತ್ತು.

ಬಿರೆಚ್ ಮೆಲ್ಲಗೆ ಹೇಳಿದ: ಇದು ಕಂದು ಹಾಕುವ ರೋಗ, ಹಸುವಿನ ಕೆಚ್ಚಲಿನಲ್ಲೂ ಗರ್ಭದಲ್ಲೂ ಕೂತಿರುತ್ತದೆ. ದನಕ್ಕೆ ಮದ್ದಿಲ್ಲ. ನಾಲ್ಕನ್ನೂ ಕಸಾಯಿಖಾನೆಗೆ ಕಳಿಸಬೇಕು, ಬೇರೆ ಯಾರ ಕೊಟ್ಟಿಗೆಗೂ ಹೋಗಕೂಡದು. ಮನೆಯವರೆಲ್ಲ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ನೋಡಿಸಿಕೊಳ್ಳಬೇಕು, ಮನುಷ್ಯರಿಗೂ ಹತ್ತುತ್ತದೆ.

ಜೆಸಾಂಗ್ ಕೇಳಬಾರದೆಂದು ಹಲ್ಲು ಕಚ್ಚಿದಳು. ಆದರೂ ಮಾತು ಹೊರಗೆ ಬಂದೇಬಿಟ್ಟಿತು.

"ಹೆಂಗಸರ ಹೊಟ್ಟೇಲೂ ಹೀಗೇ ಆಗುತ್ತಾ?"

ಬಿರೆಚ್ ಕೊಳವೆಗಳನ್ನು ಒರೆಸುತ್ತಾ ತಡೆದು ಹೇಳಿದ, "ಆಗಬಹುದು ಅಕ್ಕ. ಎಲ್ಲರಿಗೂ ಅಲ್ಲ. ಆದ್ರೆ ಆಗಬಹುದು."

ತಪ್ಸುಬೇ ಕೋಲು ಎತ್ತಿದಳು. ಹೊಡೆಯಲಿಲ್ಲ, ಬಾಗಿಲು ತೋರಿಸಿದಳು. ಆ ಹಸುಗಳೆಲ್ಲ ಅವಳು ಮದುವೆಯಾಗಿ ಬರುವಾಗ ಅವಳಪ್ಪ ಕೊಟ್ಟ ಒಂದು ಕಡಸಿನ ಸಂತಾನ. ಐವತ್ತು ವರ್ಷ ಈ ಹಾಲು ಕುಡಿದು, ಇದನ್ನೇ ಕುಡಿಸಿ ಮಕ್ಕಳನ್ನು ಸಾಕಿದ್ದೇನೆ, ನನ್ನ ತವರಿನ ಹಸುವನ್ನು ವಿಷ ಅನ್ನುವವನು ಈ ಮನೆಯ ನೀರೂ ಕುಡಿಯಬೇಕಾಗಿಲ್ಲ ಎಂದಳು. ಬಿರೆಚ್ ಪೆಟ್ಟಿಗೆ ಎತ್ತಿಕೊಂಡು ಹೋದ. ಗೇಟಿನ ಹತ್ತಿರ ನಿಂತು ಕಿಮಾಯೊನ ಕೈ ಹಿಡಿದು ಇನ್ನೊಮ್ಮೆ ಹೇಳಿದ, ಹೆಂಡತಿಯನ್ನು ನಾಳೆಯೇ ಕರೆದುಕೊಂಡು ಹೋಗು ಎಂದು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಕಪ್ಸಬೆತ್ ಪೇಟೆಯ ಆಸ್ಪತ್ರೆಗೆ ಹೋದರು. ತಪ್ಸುಬೇ ಹೊರಡಲಿಲ್ಲ. ಇಬ್ಬರ ರಕ್ತದಲ್ಲೂ ರೋಗವಿತ್ತು. ಮಾತ್ರೆ ಬರೆಯುವ ಮುಂಚೆ ಡಾಕ್ಟರಮ್ಮ ಬಸುರಿಯೇನಾದರೂ ಇದ್ದೀಯಾ ಎಂದು ಕೇಳಿದಾಗ ಜೆಸಾಂಗ್ ಗಂಡನ ಕಡೆ ನೋಡದೆ ಹೂಂ ಎಂದಳು. ಕಿಮಾಯೊ ಕೂತಲ್ಲೇ ಕಲ್ಲಾದ. ಡಾಕ್ಟರಮ್ಮ ಬೇರೆ ಮಾತ್ರೆ ಬರೆದರು, ಆರು ವಾರ ಒಂದು ದಿನವೂ ತಪ್ಪಿಸಬಾರದು, ಉಚ್ಚೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಹೆದರಬೇಡ ಎಂದರು. ಮಗು ಉಳಿಯುತ್ತದಾ ಎಂದು ಕಿಮಾಯೊ ಕೇಳಿದ. ಉಳಿಯುವ ಹಾಗೆ ನೋಡೋಣ ಎಂದರು.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಕಿಮಾಯೊ ಬೈಕು ನಿಲ್ಲಿಸಿದ. ಚಹಾ ತೋಟದ ಬೇಲಿಯ ಕಡೆ ತಿರುಗಿಕೊಂಡು ನಿಂತ.

"ನಂಗೂ ಹೇಳಲಿಲ್ಲವಲ್ಲ," ಎಂದ.

"ಹೇಳಿದ್ದೆಲ್ಲ ಹೋಯಿತಲ್ಲ," ಎಂದಳು ಅವಳು.

ಅವನು ತಾಯಿಗೆ ಹಸುಗಳ ವಿಷಯ ಹೇಳಿದ, ಬೇಡಿದ, ಒಮ್ಮೆ ದನಿ ಏರಿಸಿ ಗದರಿಯೂ ನೋಡಿದ. ಬಸುರಿನ ಮಾತು ಮಾತ್ರ ಎತ್ತಬೇಡವೆಂದು ಜೆಸಾಂಗ್ ಆಣೆ ಹಾಕಿಸಿಕೊಂಡಿದ್ದಳು. ತಪ್ಸುಬೇ ಕೊಟ್ಟಿಗೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತಳು. ಊಟಕ್ಕೂ ಅಲ್ಲಿಂದ ಏಳಲಿಲ್ಲ. ಡೈರಿಯವರು ಹಾಲು ಬೇಡವೆಂದರು. ಕರೆದದ್ದನ್ನೆಲ್ಲ ಕಿಮಾಯೊ ಗುಂಡಿಗೆ ಸುರಿದ. ಮುದುಕಿ ತನ್ನ ಪಾಲಿನದನ್ನು ಮೊದಲೇ ತೆಗೆದಿಟ್ಟುಕೊಂಡು ಮಗನ ಕಣ್ಣೆದುರಿಗೇ ಹಸಿಯಾಗಿ ಕುಡಿದಳು. ಹತ್ತು ದಿನ ಹೀಗೇ ನಡೆಯಿತು. ಜೆಸಾಂಗ್ ಕೊಟ್ಟಿಗೆಗೆ ಕಾಲಿಡುವುದನ್ನು ಬಿಟ್ಟಳು, ಆದರೆ ಮೂತ್ರದ ವಾಸನೆ, ಸಗಣಿಯ ಧೂಳು, ಅತ್ತೆಯ ಬಟ್ಟೆಗೆ ಹತ್ತಿದ ಹಾಲು, ಎಲ್ಲಿ ಮುಟ್ಟಿದರೂ ರೋಗವೇ ಇದ್ದಂತೆ ಕಾಣುತ್ತಿತ್ತು. ಉಂಡ ತಟ್ಟೆಯನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆದರೂ ಸಮಾಧಾನವಾಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಅವಳ ಬಟ್ಟೆಯಲ್ಲಿ ರಕ್ತ ಕಾಣಿಸಿತು. ಸ್ವಲ್ಪವೇ, ಆದರೆ ಹಿಂದಿನ ಎರಡು ಸಲವೂ ಸ್ವಲ್ಪದಿಂದಲೇ ಶುರುವಾಗಿತ್ತು. ಅವಳು ಅಳಲಿಲ್ಲ. ಎರಡು ಜೊತೆ ಬಟ್ಟೆ, ಮಾತ್ರೆಯ ಪೊಟ್ಟಣ ಚೀಲಕ್ಕೆ ತುಂಬಿಕೊಂಡು ಕೊಟ್ಟಿಗೆಯ ಮುಂದೆ ಹೋಗಿ ನಿಂತಳು.

"ಅತ್ತೆ, ನಾನು ಬಸುರಿ, ಐದನೇ ತಿಂಗಳು. ಇವತ್ತು ಬೆಳಿಗ್ಗೆ ರಕ್ತ ಕಾಣಿಸ್ತು. ಹಸು ನಿಮ್ಮವು, ಕಳಿಸಿ ಅನ್ನೋಕೆ ನಾನ್ಯಾರು? ನಾನೇ ಹೋಗ್ತೀನಿ ತವರಿಗೆ. ಇದು ಉಳಿದ್ರೆ ಬರ್ತೀನಿ, ಇಲ್ಲದಿದ್ರೆ ಬರಲ್ಲ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ತಪ್ಸುಬೇ ಬಯ್ಯಲಿಲ್ಲ. ಸೊಸೆಯ ಹೊಟ್ಟೆಯನ್ನೇ ನೋಡುತ್ತಾ ಕೂತಳು.

"ಆ ಹುಡುಗ ಹೇಳಿದ್ನಲ್ಲ ಕಾಯಿಲೆ," ಎಂದು ಕೇಳಿದಳು ಕೊನೆಗೆ, "ಅದು ಒಂದು ಮಂದೇಲಿ ಎಷ್ಟು ವರ್ಷ ಇರುತ್ತಂತೆ?"

ತೆಗೆದುಹಾಕದಿದ್ದರೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತಲೇ ಇರಬಹುದಂತೆ ಎಂದಳು ಜೆಸಾಂಗ್.

"ಕಿಮಾಯೊಗೂ ಅವನ ಅಕ್ಕಂಗೂ ಹನ್ನೊಂದು ವರ್ಷ ಅಂತರ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ ನೋಡು." ಮುದುಕಿ ನಾಲ್ಕು ಬೆರಳು ಎತ್ತಿ ತೋರಿಸಿದಳು. "ಇಷ್ಟು ಹೋದ್ವು. ಒಂದು ಗಂಡು, ಅದಕ್ಕೆ ಉಗುರು ಬಂದಿತ್ತು. ಆ ವರ್ಷಗಳಲ್ಲಿ ಹಸುಗಳೂ ಕಂದು ಹಾಕ್ತಿದ್ವು. ಆವಾಗ ದನದ್ದು ಬೇರೆ, ನಂದು ಬೇರೆ ಅಂದ್ಕೊಂಡಿದ್ದೆ."

ಜೆಸಾಂಗ್ ಚೀಲ ಕೆಳಗಿಟ್ಟಳು.

"ಒಂದೊಂದು ಸಲ ಹೋದಾಗಲೂ ನಮ್ಮತ್ತೆ ನಂಗೆ ಇನ್ನೂ ಜಾಸ್ತಿ ಹಾಲು ಕುಡಿಸಿದ್ಲು. ರಕ್ತ ಊರಲಿ ಅಂತ, ಶಕ್ತಿ ಬರಲಿ ಅಂತ. ನಾನು ನಿಂಗೂ ಅದನ್ನೇ ಮಾಡಿದೆ."

"ನಿಮಗೇನು ಗೊತ್ತಿತ್ತು ಅತ್ತೆ?"

"ಗೊತ್ತಿಲ್ಲದೆ ಕೊಟ್ಟಿದ್ದು ಹೊಟ್ಟೆಗೆ ಹೋಗಲ್ವಾ?"

ತಪ್ಸುಬೇ ಎದ್ದು ಮನೆಯೊಳಗೆ ಹೋಗಿ ಮಗನನ್ನು ಕೂಗಿದಳು. ಮೊದಲು ಇವಳನ್ನು ಆಸ್ಪತ್ರೆಗೆ ಸೇರಿಸು, ಬರುವಾಗ ಲಾರಿ ಕರೆದುಕೊಂಡು ಬಾ ಎಂದಳು.

ಲಾರಿ ಬಂದದ್ದನ್ನು ಜೆಸಾಂಗ್ ನೋಡಲಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಆಮೇಲೆ ಕಿಮಾಯೊ ಹೇಳಿದ. ನಾಲ್ಕೂ ಹಸುಗಳನ್ನು ಅಮ್ಮ ತಾನೇ ಹಗ್ಗ ಹಿಡಿದು ಹತ್ತಿಸಿದಳಂತೆ. ಚೆತುಯಿ ಹಲಗೆಯ ಮೇಲೆ ಕಾಲಿಡಲು ಹೆದರಿದಾಗ ಲಾರಿಯವನು ಬಡಿಗೆ ಎತ್ತಿದನಂತೆ. ಅಮ್ಮ ಬಡಿಗೆ ಕಿತ್ತುಕೊಂಡು, ಹಸುವಿನ ಕಿವಿಯಲ್ಲಿ ಏನೋ ಹೇಳಿ, ಬೆನ್ನು ನೋವಿನಲ್ಲೇ ತಾನು ಮೊದಲು ಹಲಗೆ ಹತ್ತಿದಳಂತೆ. ಅದು ಹಿಂದೆಯೇ ಹೋಯಿತಂತೆ. ಚೆಲೆಲ್ ಒಂದು ಉಳಿಯಿತಲ್ಲ ಎಂದು ಜೆಸಾಂಗ್ ಸಮಾಧಾನ ಹೇಳಿದಳು. ತಿಂಗಳು ಕಳೆದು ಬಿರೆಚ್ ಮತ್ತೆ ಬಂದು ನೋಡಿದಾಗ ಆ ಹಾಲಿನ ಮೇಲೂ ಉಂಗುರ ಕಟ್ಟಿತು. ಅದೂ ಹೋಯಿತು.

ಜೆಸಾಂಗ್ ಹತ್ತೊಂಬತ್ತು ದಿನ ಮಲಗಿದ್ದಳು. ರಕ್ತ ನಿಲ್ಲುತ್ತಿತ್ತು, ಇನ್ನು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕಾಣುತ್ತಿತ್ತು. ಪಕ್ಕದ ಹಾಸಿಗೆಗಳು ತುಂಬುತ್ತಿದ್ದವು, ಖಾಲಿಯಾಗುತ್ತಿದ್ದವು. ಅವಳು ಸೂರಿನ ತಗಡಿನ ಮೊಳೆಗಳನ್ನು ನೋಡುತ್ತಾ, ಅಲ್ಲಾಡದೆ, ಕೆಮ್ಮು ಬಂದರೂ ತಡೆದುಕೊಂಡು ಮಲಗಿರುತ್ತಿದ್ದಳು. ದೇವರನ್ನು ಬೇಡಿಕೊಳ್ಳಲೂ ಹೆದರಿಕೆ. ಅದೂ ಹೇಳಿದಂತೆಯೇ ಅಲ್ಲವೇ?

ತಪ್ಸುಬೇ ಎರಡು ದಿನಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಿದ್ದಳು. ಅವಳ ರಕ್ತವನ್ನೂ ನೋಡಿದ್ದರು. ರೋಗ ಬೆನ್ನುಮೂಳೆಗೆ ಇಳಿದು ಎಷ್ಟೋ ವರ್ಷವಾಗಿದೆ, ಜ್ವರ ಹೋದೀತು, ಬಾಗಿದ ಸೊಂಟ ನೆಟ್ಟಗಾಗದು ಎಂದಿದ್ದರು. ಅವಳು ಸೊಸೆಯ ಹತ್ತಿರ ಅದನ್ನು ಬಿಟ್ಟು ಮಗನ ಮೇಲೆ ದೂರು ಹೇಳುತ್ತಿದ್ದಳು: "ಅವನು ಬೆಳಿಗ್ಗೆ ಎದ್ದು ಈಗಲೂ ಐದು ಹಸುಗಾಗೋಷ್ಟು ಹುಲ್ಲು ಕೊಯ್ಕೊಂಡು ಬರ್ತಾನೆ. ಯಾರಿಗೋ ಗೊತ್ತಿಲ್ಲ. ತಂದು ಖಾಲಿ ಗೋದಲಿಗೂ ಹಾಕ್ತಾನೆ, ಒಣಗಿದ ಮೇಲೆ ತೆಗೀತಾನೆ." ಹೀಗೆ ಹೇಳಿ ಸೊಸೆಯ ಕಾಲು ಒತ್ತುತ್ತಾ ಕೂರುತ್ತಿದ್ದಳು. ಅತ್ತೆ ಸೊಸೆಯ ಕಾಲು ಮುಟ್ಟುವುದು ಎಲ್ಲೂ ಇಲ್ಲದ ಮಾತು. ಜೆಸಾಂಗ್ ಮೊದಲ ದಿನ ಕಾಲು ಎಳೆದುಕೊಂಡಳು, ಆಮೇಲೆ ಸುಮ್ಮನಾದಳು.

ರಕ್ತ ಪೂರ್ತಿ ನಿಂತ ಮೇಲೆ ಮನೆಗೆ ಕಳಿಸಿದರು. ಐದು ತಿಂಗಳು ದಾಟಿತು, ಆರು ದಾಟಿತು. ಎಂಟನೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ನೋವು ಶುರುವಾಯಿತು. ಇದೂ ಹೋಯಿತು ಎಂದೇ ಜೆಸಾಂಗ್ ತಿಳಿದಳು. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸ್ ಏನು ಹೇಳಿದರೂ ಅವಳಿಗೆ ಕೇಳಿಸಲಿಲ್ಲ. ಹೊರಗೆ ಬಂದದ್ದು ಅಳಲಿಲ್ಲ. ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು. ಬೆನ್ನಿನ ಹಿಂದೆ ಯಾರೋ ಉಜ್ಜುತ್ತಿದ್ದರು, ತಟ್ಟುತ್ತಿದ್ದರು. ಆಮೇಲೆ ಬೆಕ್ಕಿನ ಮರಿಯದಂಥ ಒಂದು ಸಣ್ಣ ದನಿ ಬಂತು. ಹೆಣ್ಣು. ಎರಡು ಕಿಲೋ ಕೂಡ ಇರಲಿಲ್ಲ. ನರ್ಸ್ ಅದನ್ನು ಅವಳ ಬರೀ ಎದೆಗೆ ಕಟ್ಟಿ, ಬಟ್ಟೆ ಸುತ್ತಿ, ಹೀಗೇ ಇಟ್ಟುಕೋ, ಬಿಡಬೇಡ ಎಂದಳು. ಜೆಸಾಂಗ್ ಮೂರು ವಾರ ಬಿಡಲಿಲ್ಲ, ಕೂತೇ ನಿದ್ದೆ ಮಾಡಿದಳು.

ಮನೆಗೆ ಬಂದ ಮೇಲೆ ಹೆಸರು ಕರೆಯುವ ದಿನ ಊರಿನ ಹಿರಿಯ ಹೆಂಗಸರು ಬಂದು ಕೂತರು. ಮಗುವಿನ ಮೂಗಿಗೆ ಚಿಟಿಕೆ ನಶ್ಯ ತೋರಿಸಿ, ಸತ್ತ ಹಿರಿಯರ ಹೆಸರು ಒಂದೊಂದಾಗಿ ಕರೆಯಬೇಕು. ಯಾವ ಹೆಸರಿಗೆ ಮಗು ಸೀನುತ್ತದೋ ಅವರು ಬಂದರೆಂದು ಲೆಕ್ಕ. ಕರೆಯಬೇಕಾದವಳು ತಪ್ಸುಬೇ. ಅವಳು ಶುರುಮಾಡಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಜೆಸಾಂಗ್ ಹತ್ತಿರ ಬಾಗಿದಾಗ ಮುದುಕಿ ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದಳು, "ಹೆಸರಿಡದೇ ಹೋದವರನ್ನ ಏನಂತ ಕರೀಲಿ?"

ಜೆಸಾಂಗ್ ಅತ್ತೆಯ ಕೈ ಹಿಡಿದುಕೊಂಡಳು. ತಪ್ಸುಬೇ ಕರೆಯತೊಡಗಿದಳು. ತನ್ನ ತಾಯಿಯನ್ನು ಕರೆದಳು, ಅಕ್ಕನನ್ನು ಕರೆದಳು, ಗಂಡನ ಸೋದರತ್ತೆಯರನ್ನೆಲ್ಲ ಕರೆದಳು. ಮಗು ಕಣ್ಣು ಮುಚ್ಚಿಕೊಂಡೇ ಇತ್ತು. ಮನಸ್ಸಿಲ್ಲದ ಮನಸ್ಸಿನಿಂದ ತನ್ನ ಅತ್ತೆಯ ಹೆಸರು ಹಿಡಿದು "ತಬುತಾನಿ" ಎಂದಳು. ಮಗು ಮೂಗು ಮುದುರಿ ಸೀನಿತು.

"ಅಯ್ಯೋ, ನಮ್ಮತ್ತೇನಾ?" ಎಂದಳು ತಪ್ಸುಬೇ. "ಮುಗೀತು ಬಿಡಿ, ಇನ್ನು ನಂಗೆ ನೆಮ್ಮದಿ ಇಲ್ಲ."

ಹೆಂಗಸರು ಹೋ ಎಂದು ನಕ್ಕರು. ಅವಳೂ ನಕ್ಕಳು, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದಳು, ಆಮೇಲೆ ಅದು ನಗೆಯಾಗಿ ಉಳಿಯಲಿಲ್ಲ. ಜೆಸಾಂಗ್ ಎದೆಗೆ ಕಟ್ಟಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ ಮಗುವನ್ನು ತೆಗೆದು ಅವಳ ಮಡಿಲಿಗಿಟ್ಟಳು.