ಜಪಾನಿನ ಹುಡುಗನಿಗೆ ಹೊನ್ನೂರಿನ ಅರ್ಥ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಜಪಾನಿ ಕಾದಂಬರಿ ಅಚ್ಚಾಗಿ ಬಂದದ್ದು ೧೯೬೭ರ ಬೇಸಿಗೆಯಲ್ಲಿ. ಅದನ್ನು ಓದಿದವರಿಗಿಂತ ಅದರ ಬಗ್ಗೆ ಅಭಿಪ್ರಾಯ ಹೇಳಿದವರೇ ಹೆಚ್ಚು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು ತೆಪ್ಪಗಿದ್ದ ನಾನು, ಇಷ್ಟು ಜನರ ಬಾಯಿಗೆ ಬೀಳಲು ಮೂರು ವರ್ಷ ಕಷ್ಟಪಟ್ಟೆನಲ್ಲ ಎಂದು ಈಗಲೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಕತೆ ದೊಡ್ಡದೇನಲ್ಲ. ಹದಿಮೂರು ವರ್ಷದ ಹುಡುಗನೊಬ್ಬನ ದನಿ ಒಂದು ಬೆಳಿಗ್ಗೆ ಮರದ ಹಾವುಗೆ ಮೆಟ್ಟಿಕೊಂಡು ಮನೆ ಬಿಟ್ಟು ಹೊರಟುಹೋಗುತ್ತದೆ. ಮೂಕನಾದ ಹುಡುಗ ಅದನ್ನು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಸಂತೆಯಲ್ಲಿ ಕೊಡೆ ಮಾರುವ ಆನೆಯೊಂದು ಅವನಿಗೆ ದಾರಿ ಹೇಳುತ್ತದೆ. ಒಂದು ಬೀದಿಯಲ್ಲಿ ಎಡಗಡೆಯ ಮನೆಗಳ ಮೇಲೆ ಮಾತ್ರ ಮಳೆ ಬೀಳುತ್ತಿರುತ್ತದೆ. ಆರು ವರ್ಷ ಕಳೆದ ಮೇಲೆ ದನಿ ಸಿಗುವುದು ದೂರದ ರೈಲ್ವೆ ಸ್ಟೇಷನ್ನಿನಲ್ಲಿ. ಅದು ಅಲ್ಲಿ ಕೆಲಸಕ್ಕೆ ಸೇರಿ, ಬರುವ ಹೋಗುವ ಗಾಡಿಗಳ ಹೆಸರು ಕೂಗುತ್ತಿರುತ್ತದೆ. ಮನೆಗೆ ಬಾ ಎಂದು ಹುಡುಗ ಕೈಸನ್ನೆ ಮಾಡಿದರೆ, ನಾನೀಗ ಡ್ಯೂಟಿಯಲ್ಲಿದ್ದೇನೆ ಎನ್ನುತ್ತದೆ. ಹುಡುಗ ಬೆಂಚಿನ ಮೇಲೆ ಕೂತು ಅದು ಕೂಗುವುದನ್ನು ಕೇಳುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಮೊದಲು ಓದಿದವಳು ನನ್ನ ಹೆಂಡತಿ ಗುರುಬಸಮ್ಮ. ಹನ್ನೊಂದನೇ ಪುಟದವರೆಗೆ ಓದಿ, ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು, "ಆ ಹುಡುಗ ಊಟ ಎಲ್ಲಿ ಮಾಡ್ತಾನೆ?" ಎಂದು ಕೇಳಿದಳು.

"ಅದು ಮುಖ್ಯ ಅಲ್ಲ," ಎಂದೆ.

"ಆರು ವರ್ಷ ಉಣ್ಣದೆ ಇರೋದು ಮುಖ್ಯ ಅಲ್ವಾ? ಅವ್ವ ಅನ್ನೋಳು ಒಬ್ಬಳು ಇದ್ದಾಳಲ್ಲ, ಎರಡು ರೊಟ್ಟಿನಾದ್ರೂ ಕಟ್ಟಿ ಕಳಿಸಬಾರ್ದಾಗಿತ್ತಾ?"

"ಪುಸ್ತಕದಲ್ಲಿ ಹಾಗೆ ಇಲ್ಲ."

"ಇಲ್ದಿದ್ರೆ ನೀವು ಹಾಕ್ಬೇಕಾಗಿತ್ತು. ಮೂರು ವರ್ಷ ಕುಂತು ಏನ್ ಮಾಡಿದ್ರಿ ಮತ್ತೆ?"

ಮೂಲದಲ್ಲಿ ಇಲ್ಲದ ಒಂದಕ್ಷರವನ್ನೂ ಸೇರಿಸಕೂಡದು, ಅನುವಾದಕನ ಧರ್ಮವೇ ಅದು ಎಂದು ಅವಳಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಂದು ಸಾಲು ರೊಟ್ಟಿಗೆ ಇಷ್ಟು ಮಾತಾ ಎಂದು ಒಳಗೆ ಹೋದಳು.

ಲೆಕ್ಕದ ಮೇಷ್ಟ್ರು ಮಹದೇವು ಪೆನ್ಸಿಲ್ ಹಿಡಿದುಕೊಂಡು ಓದಿದರು. ಅವರಿಗೆ ದನಿ ನಡೆದುಹೋದದ್ದರಲ್ಲಿ ಏನೂ ಆಕ್ಷೇಪವಿರಲಿಲ್ಲ. ಆದರೆ ಹದಿಮೂರು ವರ್ಷದ ಹುಡುಗ ಆರು ವರ್ಷ ಅಲೆದ ಮೇಲೂ ಕೊನೆಯ ಪುಟದಲ್ಲಿ ಹದಿನೆಂಟರವನಾಗಿಯೇ ಇದ್ದದ್ದನ್ನು ಪತ್ತೆ ಹಚ್ಚಿ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗೆರೆ ಎಳೆದು ತೋರಿಸಿದರು. ಮೂಲದಲ್ಲೇ ಹಾಗಿದೆ ಎಂದೆ. ಹಾಗಾದರೆ ಜಪಾನಿನವರಿಗೆ ಒಂದು ಕಾಗದ ಬರೆಯಿರಿ, ತಿದ್ದಿಕೊಳ್ಳಲಿ ಎಂದರು. ರೇಷ್ಮೆ ಸೀರೆ ಅಂಗಡಿಯ ಶಿವನಂಜಯ್ಯ ಮಾತ್ರ ಬಹಳ ಹೊಗಳಿದರು. ಮಾತನಾಡುತ್ತ ಹೋದ ಹಾಗೆ ಅವರು ಹೊದಿಕೆಯನ್ನಷ್ಟೇ ನೋಡಿದ್ದಾರೆ ಎಂದು ತಿಳಿಯಿತು.

ಹನೂರಿನಿಂದ ನಿಂಗಯ್ಯ ಎಂಬ ರೈತ ಇದೇ ವಿಚಾರಕ್ಕೆ ಬಸ್ಸು ಹತ್ತಿ ಬಂದ. ಅವನ ಜಮೀನು ಕಾಡಿನ ಅಂಚಿನಲ್ಲಿದೆ. ತಂಗಿಯ ಮಗಳ ಕೈಲಿ ಪುಸ್ತಕ ಓದಿಸಿಕೊಂಡು ಪೂರ್ತಿ ಕೇಳಿದ್ದ. ನಮ್ಮ ಮನೆಯ ಬಾಗಿಲಲ್ಲಿ ನಿಂತುಕೊಂಡೇ ಶುರು ಮಾಡಿದ.

"ಆನೆ ಕೊಡೆ ಮಾರ್ತು ಅಂದ್ರೆ ಒಪ್ಕತೀನಿ ಸಾ. ಮಾತಾಡ್ತು ಅಂದ್ರೂ ಒಪ್ಕತೀನಿ. ಆದ್ರೆ ಗೆಣಸಿನ ಗಾಡಿ ಪಕ್ಕದಲ್ಲಿ ಸುಮ್ಕೆ ನಿಂತಿತ್ತು ಅಂತ ಬರ್ದಿದ್ದೀರಲ್ಲ, ಅದ ಒಪ್ಪಾಕಿಲ್ಲ. ನನ್ ಒಲದಲ್ಲಿ ಒಂದು ಗೆಣಸು ಬಿಟ್ಟಿಲ್ಲ ಅವು."

"ಜಪಾನಿನ ಆನೆ ಬೇರೆ ಥರ ಇರಬಹುದು ನಿಂಗಯ್ಯ."

"ಆನೆ ಆನೆನೇ ಸಾ. ಆ ಬರ್ದೋರು ಆನೆ ಕಂಡಿಲ್ಲ." ಆಮೇಲೆ, "ಕೊನೇಲಿ ಆ ಐದ, ಆ ಮೂಗ ಹುಡ್ಗ, ಬೆಂಚಿನ ಮ್ಯಾಲೆ ಕುಂತ್ಕಂಡ್ನಲ್ಲ, ಅದ ಕೇಳಿ ಎರಡು ದಿನ ಉಣ್ಣಾಕಾಗ್ಲಿಲ್ಲ ನಂಗೆ," ಎಂದ.

ಯಾಕೆ ಎಂದು ಕೇಳಿದೆ. ಗೊತ್ತಿಲ್ಲ ಸಾ, ಆದರೆ ಆನೆ ತಪ್ಪು ಎಂದು ಹೇಳಿ ಕಾಫಿ ಕುಡಿದು ಹೋದ.

ಹೀಗೆ ಕೊಳ್ಳೇಗಾಲ, ಹನೂರು, ಯಳಂದೂರಿನವರೆಲ್ಲ ಒಂದೊಂದು ಮಾತಾಡಿದರು. ಮಾತಾಡದೆ ಉಳಿದವರು ಒಬ್ಬರೇ. ಅವರ ಮಾತಿಗಾಗಿಯೇ ನಾನು ಆ ಪುಸ್ತಕಕ್ಕೆ ಕೈಹಾಕಿದ್ದೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ವಾಸಿ.

ನಮ್ಮದು ಯಳಂದೂರಿನ ಹತ್ತಿರದ ಹೊನ್ನೂರು. ಅಲ್ಲಿ ಶ್ರಾವಣ ಪೂರ್ತಿ ಮಠದ ಜಗಲಿಯ ಮೇಲೆ ಪುರಾಣ ನಡೆಯುತ್ತದೆ. ಒಬ್ಬರು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ನಲವತ್ತು ವರ್ಷದಿಂದ ಅರ್ಥ ಹೇಳುವವರು ನಮ್ಮಪ್ಪ ಪುಟ್ಟಮಲ್ಲಪ್ಪನವರು. ಅವರಿಗೆ ಅರ್ಥವಾಗದ ಪದ್ಯ ಇಲ್ಲ. ಇದ್ದರೆ ಅದು ಪದ್ಯವೇ ಅಲ್ಲ ಎಂಬುದು ಊರಿನವರ ನಂಬಿಕೆ. ಓದುವ ಜಾಗದಲ್ಲಿ ನಾನು ಹನ್ನೊಂದನೇ ವಯಸ್ಸಿಗೇ ಕೂತಿದ್ದೆ. ಹದಿಮೂರರ ಶ್ರಾವಣದಲ್ಲಿ, ಪದ್ಯದ ನಡುವೆ ನನ್ನ ಗಂಟಲು ಒಡೆದು ಕೀರಲಾಗಿ ಏನೋ ಹೊರಬಂತು. ಜಗಲಿಯ ತುಂಬ ನಗು. ಅಪ್ಪ ನನ್ನ ಮುಂದಿನ ಪುಸ್ತಕ ಎಳೆದುಕೊಂಡು, ಎದ್ದು ಹೋಗು ಎಂದರು. ಆ ಜಾಗಕ್ಕೆ ದೊಡ್ಡಪ್ಪನ ಮಗ ಚಿಕ್ಕಮಾದಪ್ಪ ಬಂದು ಕೂತ. ಪುಸ್ತಕ ಅಚ್ಚಾಗುವವರೆಗೂ ಅವನು ಎದ್ದಿರಲಿಲ್ಲ, ಅಪ್ಪ ನನ್ನನ್ನು ಮತ್ತೆ ಕರೆದಿರಲೂ ಇಲ್ಲ.

ಆಮೇಲೆ ಅಪ್ಪನೂ ನಾನೂ ಮಾತು ಬಿಟ್ಟೆವೆಂದಲ್ಲ. ಭತ್ತದ ಪೈರು, ತೆಂಗಿನ ಸುಳಿ, ಮಕ್ಕಳ ಕೆಮ್ಮು ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೆವು. ಮೈಸೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಈ ಕಾದಂಬರಿ ಸಿಕ್ಕಿ, ನಿಂತಲ್ಲೇ ಇಪ್ಪತ್ತು ಪುಟ ಓದಿದಾಗ, ಇದನ್ನು ಅಪ್ಪನ ಮುಂದೆ ಓದಬೇಕು, ಇದಕ್ಕೆ ಅವರು ಅರ್ಥ ಹೇಳಬೇಕು ಎಂದು ಅನ್ನಿಸಿಬಿಟ್ಟಿತು. ಮೂವತ್ತೊಂಬತ್ತು ವರ್ಷದ ಗಂಡಸಿಗೆ ಇಂಥ ಆಸೆ ಇರಬಾರದು. ನನಗಿತ್ತು.

ಅಚ್ಚಾದ ವಾರವೇ ಪ್ರತಿ ಕೊಟ್ಟು ಬಂದಿದ್ದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಗೂಡಿನ ಪಕ್ಕ ಇಟ್ಟರು. ಮೂರು ಸಲ ಊರಿಗೆ ಹೋದಾಗಲೂ ಅದು ಅಲ್ಲೇ ಇತ್ತು.

ಆ ಶ್ರಾವಣದಲ್ಲಿ ಪುರಾಣ ಮೂರು ದಿನ ಮುಂಚೆಯೇ ಮುಗಿಯಿತು. ಉಳಿದ ಸಾಯಂಕಾಲಗಳಿಗೆ ಏನು ಓದುವುದು ಎಂಬ ಮಾತು ಬಂದಾಗ, ನಮ್ಮ ಶಿವರುದ್ರ ಮೇಷ್ಟ್ರ ಪುಸ್ತಕ ಯಾಕಾಗಬಾರದು ಎಂದು ಯಾರೋ ಎತ್ತಿದರಂತೆ. ಚಿಕ್ಕಮಾದಪ್ಪ ಪುಸ್ತಕ ತೆರೆದು ಎರಡು ಸಾಲು ರಾಗಕ್ಕೆ ಕೂರಿಸಲು ನೋಡಿ ಸೋತು, "ಇದು ನನ್ ಕೈಲಾಗಾಕಿಲ್ಲ, ಬರ್ದೋನೇ ಬಂದು ಓದ್ಲಿ," ಎಂದನಂತೆ. ಎಲ್ಲರೂ ಅಪ್ಪನ ಮುಖ ನೋಡಿದರಂತೆ. "ಪುಸ್ತಕ ಅಂದ್ಮ್ಯಾಲೆ ಅರ್ಥ ಇರ್ತದೆ, ಬರೇಳಿ," ಎಂದರಂತೆ ಅಪ್ಪ.

ನಾನು ಶಾಲೆಗೆ ರಜೆ ಹಾಕಿ ಹೋದೆ. ಗುರುಬಸಮ್ಮ ರೊಟ್ಟಿ ಕಟ್ಟಿಕೊಟ್ಟು, ಪುಸ್ತಕದ ಹುಡುಗನ ಥರ ಉಪವಾಸ ಅಲೆಯಬೇಡಿ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮೊದಲ ದಿನ ಅಪ್ಪನ ಪಕ್ಕದಲ್ಲಿ ಕೂತು, ರಾಗವಿಲ್ಲದೆ, ಪಾಠ ಓದುವ ಹಾಗೆ ಓದಿದೆ. ಗಂಟಲು ಒಡೆಯಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿ, ನಾನು ನಿಲ್ಲಿಸಿದ ಕಡೆಯೆಲ್ಲ ಒಂದಿಷ್ಟೂ ಹಿಂದೆಮುಂದೆ ನೋಡದೆ ಅರ್ಥ ಹೇಳಿದರು. ಆನೆ ಎಂದರೆ ಮದ. ಮದವೆಂಬುದು ಯಾವಾಗಲೂ ನೆರಳು ಕೊಡುತ್ತೇನೆ ಎಂದೇ ವ್ಯಾಪಾರಕ್ಕಿಳಿಯುತ್ತದೆ, ಅದಕ್ಕೇ ಕೊಡೆ. ಜನ ತಲೆದೂಗಿದರು. ಮೂಲದಲ್ಲಿ ಅಂಥದ್ದೇನೂ ಇಲ್ಲ, ಆನೆ ಎಂದರೆ ಬರೀ ಆನೆ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ಕಣ್ಣು ಬಿಡದೆಯೇ "ಮುಂದ್ಕೋದು" ಎಂದರು.

ಎರಡನೇ ದಿನ ಒಂದೇ ಕಡೆ ಮಳೆ ಬೀಳುವ ಬೀದಿ ಬಂತು. ಅಪ್ಪ ಬಾಯಿ ತೆರೆಯುವ ಮೊದಲೇ ಹಿಂದುಗಡೆಯಿಂದ ಚೆಲುವಮ್ಮ, "ಅದ್ರಲ್ಲೇನದೆ, ನಮ್ ಕೆರೆ ತೂಬಿನ ನೀರೂ ಅಂಗೇ ಅಲ್ವಾ? ಮ್ಯಾಗಲ ಗದ್ದೆಗೆ ಬತ್ತದೆ, ನಮ್ಗೆ ಬರಾಕಿಲ್ಲ," ಎಂದಳು. ಅದರ ಮೇಲೆ ಅರ್ಧ ಗಂಟೆ ಜಗಳವಾಯಿತು. ಇದಕ್ಕೆ ಬೇರೆ ಅರ್ಥ ಬೇಕಾಗಿಲ್ಲ ಎಂದು ಅಪ್ಪ ಬಿಟ್ಟುಬಿಟ್ಟರು.

ಮೂರನೇ ದಿನ ಸ್ಟೇಷನ್ನಿನ ಅಧ್ಯಾಯ. ಓದುತ್ತ ಓದುತ್ತ ನಾನು ಅಪ್ಪನ ಕಡೆ ನೋಡುವುದನ್ನು ಬಿಟ್ಟೆ. ಹುಡುಗ ಕೈಸನ್ನೆ ಮಾಡಿದ, ದನಿ ಬರುವುದಿಲ್ಲ ಎಂದಿತು, ಹುಡುಗ ಬೆಂಚಿನ ಮೇಲೆ ಕೂತ. ಪುಸ್ತಕ ಮುಚ್ಚಿದೆ.

ಅಪ್ಪ ಮಾತಾಡಲಿಲ್ಲ. ಜನ ಕಾದರು. ಒಬ್ಬರು ಕೆಮ್ಮಿದರು. ನಲವತ್ತು ವರ್ಷದಲ್ಲಿ ಅರ್ಥಕ್ಕೆ ಇಷ್ಟು ಹೊತ್ತು ಕಾದದ್ದು ಯಾರಿಗೂ ನೆನಪಿರಲಿಲ್ಲ. ನನಗೆ ಗೆದ್ದೆನೆಂದು ಅನ್ನಿಸಬೇಕಾಗಿತ್ತು, ಆದರೆ ಭಯವಾಯಿತು.

"ಚಿಕ್ಕಪ್ಪ, ಅರ್ಥ," ಎಂದ ಚಿಕ್ಕಮಾದಪ್ಪ.

ಅಪ್ಪ ಕಣ್ಣು ಬಿಟ್ಟರು. "ಐದನ ತಪ್ಪಿಲ್ಲ," ಎಂದರು. "ಆ ದನಿ ತಾನಾಗಿ ಓಗ್ಲಿಲ್ಲ. ಆ ಮನೇಲಿ ಅಪ್ಪ ಅನ್ನೋನೊಬ್ಬ ಇದ್ದ. ಐದನ ಗಂಟ್ಲು ಒಡೀತು. ಎಲ್ಲಾ ಗಂಡೈಕಳ ಗಂಟ್ಲೂ ಒಡೀತದೆ, ನಾಕು ತಿಂಗ್ಳು ಕಾದಿದ್ರೆ ಸರಿಯೋಯ್ತಿತ್ತು. ನಾಕು ಜನ ನಗಾಡುದ್ರು ಅಂತ ಅಪ್ಪನ್ಗೆ ಮಾನ ಓದಂಗಾಯ್ತು. ಎದ್ದೋಗು ಅಂದ. ಸಾಯಂಕಾಲಕ್ಕೇ ಕರೀಬೇಕಾಗಿತ್ತು, ನಾಳಿಕ್ ಕರೆಯಾನ ಅಂದ್ಕಂಡ. ನಾಳಿಕ್ಕೆ ನಾಚ್ಕೆ ಆಯ್ತು. ಆಮ್ಯಾಲೆ ವರ್ಸಗಳು ಕಳೆದೋದ್ವು. ಇಷ್ಟೇ ಅರ್ಥ."

ಅವರು ಜನರನ್ನು ನೋಡಿ ಹೇಳಿದರು, ನನ್ನನ್ನು ನೋಡಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ನೆಲ ನೋಡುತ್ತ ಕೂತೆ.

ಚಿಕ್ಕಮಾದಪ್ಪ ಮಾತ್ರ ಬಿಡುವವನಲ್ಲ. ಓದುಗನಾಗಿ ಪಳಗಿದ ಕಿವಿ. "ಅಲ್ಲ ಚಿಕ್ಕಪ್ಪ, ಮೊದಲ್ನೇ ದಿನ ಓದ್ದಾಗ ದನಿ ತಾನೇ ಎದ್ದೋಯ್ತು ಅಂತಿತ್ತು. ಅಪ್ಪನ ಸುದ್ದಿನೇ ಬರ್ಲಿಲ್ಲ. ಲೇ ಶಿವರುದ್ರ, ನೀನೇ ಯೋಳ್ಲಾ, ಪುಸ್ತಕದಲ್ಲಿ ಅಂಗದಾ?"

ಅಪ್ಪ ಈಗ ನನ್ನ ಕಡೆ ತಿರುಗಿದರು. ಎಪ್ಪತ್ತು ದಾಟಿದ ಮುಖ. ಜಗಲಿಯ ತುಂಬ ಜನ. ಅರ್ಥ ತಪ್ಪಿದ್ದನ್ನು ಅವರ ಬಾಯಲ್ಲಿ ಈ ಊರು ಎಂದೂ ಕೇಳಿರಲಿಲ್ಲ.

"ಇದೆ," ಎಂದೆ. "ಮೊದಲನೇ ಪುಟದಲ್ಲೇ ಇದೆ. ಅವತ್ತು ಓದುವಾಗ ಬಿಟ್ಟುಬಿಟ್ಟೆ."

"ಅಂಗಾದ್ರೆ ಈಗ್ಲೇ ಓದು," ಎಂದ ಚಿಕ್ಕಮಾದಪ್ಪ.

ನಾನು ಮೊದಲನೇ ಪುಟ ತೆಗೆದು, ಬೆರಳಿಟ್ಟುಕೊಂಡು, ಅಲ್ಲಿ ಇಲ್ಲದ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿದೆ: "ಎದ್ದು ಹೋಗು ಎಂದ ತಂದೆ, ದನಿ ಹೋದ ದಾರಿಯನ್ನು ನೋಡುತ್ತ ಬಾಗಿಲಲ್ಲೇ ನಿಂತಿದ್ದನು."