ಭಟ್ಟಿಯ ಗೋಡೆಗೆ ಒರಗಿದ ಬಾಳೆ

"ಆರನೇ ಕ್ಲಾಸು ದಾಟೋಕಾಗದವನು ಬಾಳೆಗೊನೆಯನ್ನ ಚಳಿಗಾಲ ದಾಟಿಸ್ತಾನಂತೆ, ಕೇಳ್ರಪ್ಪಾ! ಲೋ ಹಾತಿಮ್, ನೀನೂ ನಿನ್ನ ಬಾಳೆಯೂ ಒಂದೇ ಕಣೋ. ಮೈತುಂಬ ಎಲೆ. ಗಾಳಿ ಬೀಸಿದರೆ ಪಟಪಟ ಸದ್ದು. ಹಣ್ಣು ಮಾತ್ರ ಕೇಳಬೇಡಿ."

ಅಬು ಶಾಹೀನ್ ಇದನ್ನು ನನ್ನ ಕಿವಿಯಲ್ಲಿ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಹೇಳಿದ್ದು ಅವನ ರೊಟ್ಟಿಭಟ್ಟಿಯ ಮುಂದೆ, ಬೆಳಗಿನ ಏಳು ಗಂಟೆಗೆ, ಅರ್ಧ ಓಣಿ ಸಾಲು ನಿಂತಿದ್ದಾಗ. ರೊಟ್ಟಿಯ ಮೇಲೆ ಸವರಿಸಲು ಎಣ್ಣೆಯಲ್ಲಿ ಕಲಸಿದ ಝಾತರ್ ಸೊಪ್ಪಿನ ಪುಡಿಯ ಬಟ್ಟಲು ಹಿಡಿದು ಬಂದಿದ್ದ ಹೆಂಗಸರು ಬಟ್ಟಲು ಅಲುಗುವಷ್ಟು ನಕ್ಕರು. ಕ್ಷೌರದ ಝುಹೈರ್ ಗೋಡೆ ಹಿಡಿದುಕೊಂಡು ನಕ್ಕ. ನಾನು ಮಾಡಿದ ತಪ್ಪು ಇಷ್ಟೇ. "ನಮ್ಮ ಅಂಗಳದ ಬಾಳೆ ಹೂ ಬಿಟ್ಟಿದೆ" ಎಂದು ಸಂತೋಷ ತಡೆಯಲಾರದೆ ಹೇಳಿದ್ದೆ.

ಅಕ್ಟೋಬರ್ ಮುಗಿಯುತ್ತಿತ್ತು. ಆ ಹೊತ್ತಿಗೆ ಹೊರಬಿದ್ದ ಗೊನೆ ಚಳಿಗೆ ಸಿಕ್ಕಿ ಬೆರಳುಗಾತ್ರದಲ್ಲೇ ಕಪ್ಪಾಗಿ ಒಣಗುತ್ತದೆ ಎಂದು ನಮ್ಮ ಸೈದಾ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಸಿಟ್ಟು ಬಂದಾಗ ನನಗೆ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ.

"ಈ ಗೊನೆ ಹಣ್ಣಾಗುತ್ತೆ, ಅಬು ಶಾಹೀನ್! ಇಲ್ಲಿ ಹಲ್ಲು ಕಿರೀತಿರೋ ಒಬ್ಬೊಬ್ಬರ ಕೈಗೂ ಒಂದೊಂದು ಹಣ್ಣು ಇಡ್ತೀನಿ. ಆವತ್ತು ಇದೇ ಜಾಗದಲ್ಲಿ, ಇದೇ ಜನರ ಮುಂದೆ, ನೀವು ಆಡಿದ ಮಾತನ್ನ ವಾಪಸ್ ತಗೋಬೇಕು."

"ತಗೋತೀನಿ. ಹಣ್ಣಾಗದೇ ಹೋದರೆ?"

"ನಾನೇ ಗಿಡ ಕಡಿದು ತಂದು ನಿಮ್ಮ ಭಟ್ಟಿಗೆ ಹಾಕ್ತೀನಿ."

"ಹಸಿ ಬಾಳೆದಿಂಡು ಉರಿಯಲ್ವೋ, ಕತ್ತೆ! ಇದಕ್ಕೇ ನೋಡು, ನಾಲ್ಕಕ್ಷರ ಕಲೀಬೇಕು ಅನ್ನೋದು."

ಸಾಲು ಮತ್ತೊಮ್ಮೆ ನಕ್ಕಿತು. ನಾನು ರೊಟ್ಟಿ ತೆಗೆದುಕೊಳ್ಳದೆ ಮನೆಗೆ ಬಂದೆ. ಆವತ್ತು ನಾನೂ ಅಮ್ಮನೂ ಹಳಸಲು ರೊಟ್ಟಿ ತಿಂದೆವು. ಅಮ್ಮ ಅದನ್ನು ಮೂರು ದಿನ ಆಡಿಕೊಂಡಳು.

ನಾನು ಶಾಲೆ ಬಿಟ್ಟದ್ದಕ್ಕೆ ಕಾರಣವಿತ್ತು. ಅದನ್ನು ರೊಟ್ಟಿ ಸುಡುವವನಿಗೆ ಒಪ್ಪಿಸಬೇಕೆಂದು ಯಾವ ಕಾನೂನೂ ಇಲ್ಲ. ನನಗೆ ಬೇಕಿದ್ದದ್ದು ಒಂದೇ: ಅವನು ಆ ಮಾತನ್ನು ನುಂಗಬೇಕು, ಓಣಿ ನೋಡಬೇಕು.

ಅಂದಿನಿಂದ ಬಾಳೆಯ ಚಾಕರಿಗೆ ಬಿದ್ದೆ. ಚಿಪ್ಪುಗಳೆಲ್ಲ ಬಿಟ್ಟು ಮುಗಿದ ಕೂಡಲೇ ಹೂವಿನ ಮೂತಿಯನ್ನು ಕತ್ತರಿಸಿದೆ. ತೋಟದವರು ತೊಡಿಸುವಂಥ ನೀಲಿ ಚೀಲವನ್ನು ಗೊನೆಗೆ ತೊಡಿಸಿದೆ. ಸಮುದ್ರದ ಕಡೆಯಿಂದ ಬರುವ ಗಾಳಿಗೆ ಹಳೆಯ ಬಾಗಿಲೊಂದನ್ನು ಅಡ್ಡ ನಿಲ್ಲಿಸಿದೆ. ಬುಡದ ಸುತ್ತ ಎದ್ದಿದ್ದ ಕಂದುಗಳಲ್ಲಿ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಗೆದು ತೆಗೆದೆ. ಡಿಸೆಂಬರ್ ಬಂದಾಗ ದಿಂಡಿಗೆ ಕಂಬಳಿ ಸುತ್ತಿದೆ.

"ನಾನು ಮದುವೆಯಾಗಿ ಬಂದಾಗ ತಂದ ಕಂಬಳಿ ಅದು," ಎಂದಳು ಅಮ್ಮ ಕಿಟಕಿಯಿಂದ. "ನಿನ್ನನ್ನ ಒಂಬತ್ತು ತಿಂಗಳು ಹೊತ್ತವಳು ಮುದುರಿಕೊಂಡು ಮಲಗಲಿ. ಬಾಳೆಮ್ಮನವರಿಗೆ ಶೀತ ಆಗಬಾರದು ನೋಡು!"

ಡಿಸೆಂಬರ್ ಕೊನೆಯಲ್ಲಿ ಆಲಿಕಲ್ಲು ಬಿತ್ತು. ಅದರ ಹಿಂದೆಯೇ ಬಂದ ಚಳಿಗೆ ಊರಾಚೆಯ ತೋಟಗಳು ಸುಟ್ಟ ಹಪ್ಪಳದ ಹಾಗಾದವು. ನನಗೆ ಮೊದಲು ಬಾಳೆಕಂದು ಕೊಟ್ಟವನು ಸೋದರಮಾವನ ಮಗ ಅಯ್ಮನ್. ಅವನ ಎರಡು ಸಾಲು ಬಾಳೆ ಪೂರ್ತಿ ಕಂದುಬಣ್ಣಕ್ಕೆ ತಿರುಗಿತ್ತು. ದುಃಖ ತೋಡಿಕೊಳ್ಳಲು ನಮ್ಮಲ್ಲಿಗೆ ಬಂದವನು ಅಂಗಳದಲ್ಲಿ ಬಾಯಿ ತೆರೆದು ನಿಂತುಬಿಟ್ಟ. ನನ್ನ ಬಾಳೆ ಹಸಿರಾಗಿತ್ತು. ಚೀಲದೊಳಗೆ ಕಾಯಿಗಳು ಮೈದುಂಬಿದ್ದವು.

"ಕಂಬಳಿ ಹೊದಿಸಿದೆ. ಬಾಗಿಲು ಅಡ್ಡ ಇಟ್ಟೆ," ಎಂದೆ ಬೀಗುತ್ತ. "ಬುದ್ಧಿ ಬೇಕು ಕಣೋ, ಬುದ್ಧಿ. ಕ್ಲಾಸಲ್ಲ."

ಅಯ್ಮನ್ ಗಿಡದ ಹಿಂದೆ ಕೈಚಾಚಿ ಗೋಡೆ ಮುಟ್ಟಿದ. ನಿಧಾನವಾಗಿ ಬೆನ್ನು ಆನಿಸಿ ನಿಂತ. ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡ.

"ಈ ಗೋಡೆ ಆಚೆ ಏನಿದೆಯೋ?"

ಏನಿದೆ ಎಂದು ಹೇಳಲು ಬಾಯಿ ತೆರೆದೆ. ಆಚೆ ಇದ್ದದ್ದು ಅಬು ಶಾಹೀನನ ಭಟ್ಟಿ.

"ಬುದ್ಧಿ ಅಂತೆ!" ಅಯ್ಮನ್ ನಗುತ್ತ ಹೊಟ್ಟೆ ಹಿಡಿದುಕೊಂಡು ಕುಸಿದ. "ಲೋ, ಇದನ್ನ ಸಾಕ್ತಿರೋನು ಆ ಮುದುಕ! ಗೊನೆ ಅವನ ಬೆಂಕಿಗೆ ಹುಟ್ಟಿದ ಮಗು!"

"ಎಲ್ಲಾದರೂ ಬಾಯಿಬಿಟ್ಟರೆ ಹಲ್ಲು ಉದುರಿಸ್ತೀನಿ," ಎಂದೆ.

ಮೂರು ವಾರ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ, ಜನವರಿಯ ನಟ್ಟನಡುವೆ, ಅಬು ಶಾಹೀನ್ ಒದ್ದೆ ಮೆಟ್ಟಿಲಿನಲ್ಲಿ ಜಾರಿ ಬಿದ್ದ. ಸೊಂಟ ಹಿಡಿದುಕೊಂಡಿತು. ಡಾಕ್ಟರು ಒಂದು ತಿಂಗಳು ಏಳಬಾರದು ಎಂದರು. ಮಗ ಶಾಹೀನ್ ಯಾವುದೋ ಹಡಗಿನಲ್ಲಿ ಅಡುಗೆಯವನು, ಯಾವ ಸಮುದ್ರದಲ್ಲಿದ್ದಾನೋ. ಭಟ್ಟಿ ಮುಚ್ಚಿತು. ಓಣಿ "ಅಯ್ಯೋ ಪಾಪ" ಎಂದಿತು. ನಾನು ಅಂಗಳಕ್ಕೆ ಓಡಿ ಗೋಡೆ ಮುಟ್ಟಿದೆ. ಸಂಜೆಗೆ ಉಗುರುಬೆಚ್ಚಗಿತ್ತು. ಮರುದಿನ ಹೆಣದ ಹಾಗೆ ತಣ್ಣಗಿತ್ತು. ಅದರ ಮರುದಿನ ಕೆಳಗಿನ ಎಲೆಯ ಅಂಚಿನಲ್ಲಿ ಹಳದಿ ಗೆರೆ ಕಂಡಿತು.

ಶಾಲೆ ಬಿಟ್ಟ ಮೇಲೆ ಎರಡು ವರ್ಷ ನಾನು ಬೇರೊಂದು ಓಣಿಯ ಭಟ್ಟಿಯಲ್ಲಿ ದುಡಿದಿದ್ದೆ. ಮಾಲೀಕನ ಜೊತೆ ಜಗಳವಾಡಿ ಬಿಟ್ಟಿದ್ದೆ. ಕೆಲಸ ಕೈಯಲ್ಲಿತ್ತು. ಭಟ್ಟಿಯ ಮೇಲಿನ ಮಹಡಿಯಲ್ಲಿದ್ದ ಅಬು ಶಾಹೀನನ ಮನೆಯ ಬಾಗಿಲು ತಟ್ಟುವುದು ಮಾತ್ರ ಕಷ್ಟವಾಯಿತು. ಮೂರು ಸಲ ಹೋಗಿ ತಿರುಗಿ ಬಂದೆ. ನಾಲ್ಕನೇ ಸಲ ಅವನ ಹೆಂಡತಿ ಉಮ್ಮ್ ಶಾಹೀನ್ ತಾನಾಗಿ ಬಾಗಿಲು ತೆರೆದಳು.

"ಕೀಲಿಕೈ ಕೊಡಿ ಅಮ್ಮಾ. ಭಟ್ಟಿ ನಾನು ಹಚ್ತೀನಿ."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ನನ್ನ ಹಣೆಗೆ ಮುತ್ತಿಟ್ಟಳು. ನನಗೆ ನೆಲ ಬಿರಿದು ಒಳಗೆಳೆದುಕೊಂಡರೆ ಸಾಕು ಎನ್ನಿಸಿತು.

ಮರುದಿನದಿಂದ ಬೆಳಕು ಹರಿಯುವ ಮೊದಲೇ ಸೌದೆ, ಆಲಿವ್ ಹಿಂಡಿಯ ಉಂಡೆಗಳನ್ನು ಒಡ್ಡಿ ಬೆಂಕಿ ಹಚ್ಚುತ್ತಿದ್ದೆ. ಉಮ್ಮ್ ಶಾಹೀನ್ ಹಿಟ್ಟು ನಾದುತ್ತಿದ್ದಳು. ರೊಟ್ಟಿ ಚೆನ್ನಾಗಿಯೇ ಬರುತ್ತಿತ್ತು, ಸ್ವಲ್ಪ ಕಪ್ಪು ಜಾಸ್ತಿ. ಬೆಂಕಿ ನಾನು ರೊಟ್ಟಿಗೆ ಬೇಕಾದಷ್ಟು ಹಾಕುತ್ತಿರಲಿಲ್ಲ, ಗೋಡೆಗೆ ಬೇಕಾದಷ್ಟು ಹಾಕುತ್ತಿದ್ದೆ.

"ಭಟ್ಟಿಯೋ ನರಕವೋ ಇದು?" ಎಂದು ಝುಹೈರ್ ತನ್ನ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಇದನ್ನ ತಿನ್ನಬೇಕೋ, ಇದರಲ್ಲಿ ಹುಬ್ಬು ತೀಡಬೇಕೋ?"

"ತಿನ್ನದಿದ್ದರೆ ಇಡು. ಹಿಂದೆ ಜನ ಇದಾರೆ!"

"ಅಯ್ಯಪ್ಪಾ, ಅಬು ಶಾಹೀನ್ ಬೈತಿದ್ದ. ಇವನು ಬೈದು ಸುಡ್ತಾನೆ."

ಶುಕ್ರವಾರ ಭಟ್ಟಿಗೆ ರಜೆ. ಬಾಳೆಗೆ ಎಲ್ಲಿಯ ರಜೆ? ಮೊದಲ ಶುಕ್ರವಾರ ನಾನು ಮನೆಮನೆಗೆ ಹೋಗಿ ಕೇಳಿದೆ: ಬೇಯಿಸೋಕೆ ಮಾಂಸದ ಕಿಬ್ಬೆ ತಟ್ಟೆ ಏನಾದರೂ ಇದೆಯಾ? ಮೀನು? ಆಲೂಗಡ್ಡೆ? ಬೇಯಿಸಿ ಕೊಡ್ತೀನಿ, ಪುಕ್ಕಟೆ. ಬೈಯುವ ದನಿಯಲ್ಲೇ ಕೇಳುತ್ತಿದ್ದೆ, ನನಗೆ ಬೇರೆ ದನಿ ಬರುವುದಿಲ್ಲ. ಓಣಿಯ ಹೆಂಗಸರು ತಟ್ಟೆ ಕೊಟ್ಟರು, ಜೊತೆಗೆ ಆಶೀರ್ವಾದವನ್ನೂ ಕೊಟ್ಟರು. "ಮಾಶಾ ಅಲ್ಲಾಹ್, ಅವಮಾನ ಮಾಡಿದವನ ಒಲೆಗೆ ರಜೆ ದಿನಾನೂ ಬೆವರು ಸುರಿಸ್ತಾನೆ!" ಎಂದು ನನಗೆ ಕೇಳುವ ಹಾಗೆಯೇ ಮಾತಾಡಿಕೊಂಡರು. ಹೊಗಳಿದಷ್ಟೂ ನನಗೆ ಸಿಟ್ಟು ಏರುತ್ತಿತ್ತು. ಸಿಟ್ಟು ಏರಿದಷ್ಟೂ ಸೌದೆ ಹಾಕುತ್ತಿದ್ದೆ. ಕಾಯಿಗಳು ಒಳ್ಳೇ ದಪ್ಪ ಬಂದವು.

"ಏನೋ ಇದು?" ಎಂದಳು ಅಮ್ಮ ಒಂದು ದಿನ, ಮಸಿ ಬಳಿದ ನನ್ನ ಮುಖ ನೋಡಿ. "ಆ ಮನುಷ್ಯನನ್ನ ಕಂಡರೆ ಉರಿದು ಬೀಳ್ತಿದ್ದೆ."

"ಈಗಲೂ ಉರೀತೀನಿ. ಅದೇ ಕೆಲಸ ಮಾಡ್ತಿರೋದು."

ಅಮ್ಮ ಅಂಗಳದ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆ ರಾತ್ರಿ ತಾನೇ ಹೋಗಿ ದಿಂಡಿನ ಕಂಬಳಿ ಬಿಚ್ಚಿ ತಂದು ಹೊದ್ದುಕೊಂಡು ಮಲಗಿದಳು.

ಐದು ವಾರದ ನಂತರ ಅಬು ಶಾಹೀನ್ ಎದ್ದು ಬಂದು ತನ್ನ ಭಟ್ಟಿಯ ಮುಂದೆ ನಿಂತ. ನಾನು ಕೀಲಿಕೈಯನ್ನು ಹಿಟ್ಟಿನ ಹಲಗೆಯ ಮೇಲಿಟ್ಟು ಹೊರಟುಬಂದೆ. ಅಷ್ಟು ಹೊತ್ತಿಗೆ ಚಳಿಯ ಹಲ್ಲು ಉದುರಿತ್ತು. ಮಾರ್ಚ್ ಮುಗಿಯುವಾಗ ಮೇಲಿನ ಚಿಪ್ಪಿನಲ್ಲಿ ಒಂದು ಕಾಯಿ ಹಳದಿಗೆ ತಿರುಗಿತು. ಗೊನೆ ಕಡಿದು, ಅಡುಗೆಮನೆಯ ತೊಲೆಗೆ ತೂಗುಹಾಕಿ, ನಾಲ್ಕು ದಿನ ಅದನ್ನೇ ನೋಡುತ್ತ ಕುಳಿತೆ. ಐದನೇ ದಿನ ಬುಟ್ಟಿ ತುಂಬಿಕೊಂಡು ಏಳು ಗಂಟೆಗೆ ಭಟ್ಟಿಯ ಸಾಲಿಗೆ ಹೋದೆ.

ಒಂದೂ ಮಾತಾಡದೆ ಒಬ್ಬೊಬ್ಬರ ಕೈಗೂ ಹಣ್ಣಿಟ್ಟೆ. ಗಿಡ್ಡ ಹಣ್ಣು, ತೆಳು ಸಿಪ್ಪೆ. ಝುಹೈರ್ ಒಂದು ತಿಂದು, ಕೇಳದೆ ಇನ್ನೊಂದು ಎತ್ತಿಕೊಂಡ. ಕೊನೆಗೆ ಅಬು ಶಾಹೀನನ ಮುಂದೆ ನಿಂತೆ. ಅವನು ಹಿಟ್ಟಿನ ಕೈಯನ್ನು ಒರೆಸಿಕೊಂಡು, ಸಿಪ್ಪೆ ಸುಲಿದು, ಕಣ್ಣು ಮುಚ್ಚಿ ನಿಧಾನವಾಗಿ ತಿಂದ.

"ಕೇಳ್ರಪ್ಪಾ ಎಲ್ಲರೂ," ಎಂದ. "ಈ ಜಾಗದಲ್ಲಿ ನಾನೊಂದು ಕೆಟ್ಟ ಮಾತಾಡಿದ್ದೆ. ಇವತ್ತು ವಾಪಸ್ ತಗೊಂಡೆ. ಪೂರ್ತಿ."

ಎದೆ ಒಡೆದುಹೋಗುವಷ್ಟು ಉಬ್ಬಿತು. ಐದು ತಿಂಗಳು ಕಾದದ್ದು ಇದಕ್ಕೇ.

"ಆದರೆ ಬಾಳೆಹಣ್ಣಿಗಲ್ಲ," ಎಂದ ಅಬು ಶಾಹೀನ್. ದನಿ ಒದ್ದೆಯಾಗಿತ್ತು. "ಬಾಳೆ ಯಾರು ಬೇಕಾದರೂ ಬೆಳೀತಾರೆ, ದೇವರ ಕೆಲಸ ಅದು. ನಾನು ಹಾಸಿಗೆಯಲ್ಲಿ ಬಿದ್ದಿದ್ದಾಗ ಕೆಳಗೆ ಭಟ್ಟಿ ಉರಿಯೋ ಸದ್ದು ದಿನಾ ಕೇಳ್ತಿತ್ತು. ಶುಕ್ರವಾರವೂ! ನಾನು ಇವನನ್ನ ಊರ ಮುಂದೆ ಕತ್ತೆ ಅಂದೆ, ಇವನು ನನ್ನ ಬೆಂಕಿ ಆರೋಕೆ ಬಿಡಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದವನೂ ಮಾಡ್ತಿರಲಿಲ್ಲ." ಅವನು ಎರಡೂ ಕೈಯಲ್ಲಿ ನನ್ನ ಭುಜ ಹಿಡಿದ. "ಈಗ ಎಲ್ಲರ ಮುಂದೆ ನೀನೇ ಹೇಳು ಮಗಾ. ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡಿದೆ?"

ಸಾಲಿನಲ್ಲಿದ್ದ ಅಷ್ಟೂ ಜನ ಬಾಳೆಹಣ್ಣು ಅಗಿಯುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದರು. ಉಮ್ಮ್ ಶಾಹೀನ್ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಮ್ಮ ಮನೆಯ ಬಾಗಿಲ ಬಳಿ ನಿಂತಿದ್ದ ಅಮ್ಮ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಅವನ ಕೈಗಳನ್ನು ಭುಜದಿಂದ ಮೆಲ್ಲಗೆ ಬಿಡಿಸಿಕೊಂಡೆ. ಬುಟ್ಟಿಯನ್ನು ಅಲ್ಲೇ ಇಟ್ಟು, ಸಾಲನ್ನು ದಾಟಿ, ತಲೆ ತಗ್ಗಿಸಿ ಓಣಿಯ ತಿರುವಿನ ಕಡೆ ನಡೆದುಬಿಟ್ಟೆ.